ಬೀಟೆ ಮರದ ಉಂಗುರ ಪೆಟ್ಟಿಗೆ

ಮೈಸೂರು

ಪ್ರೀತಿಯ ಅಕ್ಕನಿಗೆ,

ಮದುವೆಯ ಉಂಗುರ ಇಡಲೆಂದು ಮೈಸೂರಿನಲ್ಲಿ ಮಾಡುವ ಮರದ ಪೆಟ್ಟಿಗೆ ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಪೆಟ್ಟಿಗೆಯ ಮೈ ಬೀಟೆ ಮರದ್ದು. ಮುಚ್ಚಳದ ಮೇಲಿನ ಬಳ್ಳಿ, ಹೂವು, ನವಿಲು ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕತ್ತರಿಸಿ, ಬೀಟೆಯಲ್ಲಿ ಹಳ್ಳ ತೋಡಿ ಕೂರಿಸಿದಂಥವು. ಊರಲ್ಲಿ ಇದಕ್ಕೆ ಇನ್‌ಲೇ ಕೆಲಸ ಎಂದೇ ಹೆಸರು. ಇಲ್ಲಿ ಕುಂಚಕ್ಕೆ ಕೆಲಸವಿಲ್ಲ. ಹಳದಿ ಬೇಕೆಂದರೆ ಹಳದಿ ಮರವನ್ನು, ಕೆಂಪು ಬೇಕೆಂದರೆ ಕೆಂಪು ಮರವನ್ನು ಹುಡುಕಿ ತರಬೇಕು. ಚರ್ಚಿನ ಮದುವೆಯಲ್ಲಿ ಪಾದ್ರಿಗಳು ಆಶೀರ್ವದಿಸುವ ಉಂಗುರಗಳಿಗೂ, ನಿಶ್ಚಿತಾರ್ಥದ ದಿನ ಹುಡುಗ ಹುಡುಗಿ ಬದಲಾಯಿಸಿಕೊಳ್ಳುವ ಉಂಗುರಗಳಿಗೂ ಈಗ ಇಂಥ ಪೆಟ್ಟಿಗೆ ಬೇಕಾಗುತ್ತದೆ. ಸಮಾರಂಭ ಮುಗಿದ ಮೇಲೆ ಅದು ಮನೆಯ ಬೀರುವಿನಲ್ಲಿ ವರ್ಷಗಟ್ಟಲೆ ಉಳಿಯುವ ವಸ್ತು. ಆದ್ದರಿಂದ ಅಂದದಷ್ಟೇ ಬಾಳಿಕೆಯೂ ಮುಖ್ಯ.

ಮೈಸೂರಿನ ಇನ್‌ಲೇ ಕೆಲಸದ ದೊಡ್ಡ ಮಾದರಿಗಳು ಅರಮನೆಯಲ್ಲೇ ಇವೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಅಂಬಾವಿಲಾಸ ಸಭಾಂಗಣದ ಬಾಗಿಲು ಬೀಟೆಯದು, ಮೇಲಿನ ಚಿತ್ತಾರ ಆನೆದಂತದ್ದು. ಕಪ್ಪಿಗೆ ತಿರುಗುವ ಕಂದು ಮರದ ಮೇಲೆ ದಂತದ ಬಿಳುಪು ಎದ್ದು ಕಾಣುತ್ತಿದ್ದುದರಿಂದ ಆ ಕಾಲದ ಕುಶಲಕರ್ಮಿಗಳಿಗೆ ಅದೇ ಮೆಚ್ಚಿನ ಜೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು. ದಂತದ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ಬಂತು, ಬಿಳಿ ಮರಗಳೂ ಬಂದವು. ಮೈಸೂರು ಬೀಟೆ ಇನ್‌ಲೇಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಮಂಡಿ ಮೊಹಲ್ಲಾದಂಥ ಹಳೆಯ ಬಡಾವಣೆಗಳ ಸಣ್ಣ ಕಾರ್ಖಾನೆಗಳಲ್ಲಿ ಕೆಲಸ ನಡೆಯುತ್ತದೆ. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಂಥ ಮಳಿಗೆಗಳಲ್ಲಿ ಮಾರಾಟವಾಗುತ್ತದೆ.

ಪೆಟ್ಟಿಗೆಯ ಕೆಲಸ ಮರ ಆರಿಸುವುದರಿಂದ ಶುರುವಾಗುತ್ತದೆ. ಬೀಟೆಯ ಹೊರಭಾಗ ಮಾಸಲು ಬಿಳಿ, ಒಳಗಿನ ಚೇಗು ಕಂದು ನೇರಳೆ, ನಡುನಡುವೆ ಕಪ್ಪು ಗೆರೆ. ಪೆಟ್ಟಿಗೆಗೆ ಬೇಕಾದದ್ದು ಚೇಗು ಮಾತ್ರ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ನಾಟಾ ದುಬಾರಿ. ದೊಡ್ಡ ಪೀಠೋಪಕರಣಕ್ಕೆ ಸಾಲದ ತುಂಡುಗಳೇ ಉಂಗುರದ ಪೆಟ್ಟಿಗೆಗೆ ಧಾರಾಳವಾಗಿ ಸಾಕು. ಚಿತ್ತಾರಕ್ಕೆ ಹಲಸು ಹಳದಿ ಕೊಡುತ್ತದೆ, ರಕ್ತಚಂದನ ಕೆಂಪು ಕೊಡುತ್ತದೆ, ಕರಿಮರ ಕಪ್ಪು ಕೊಡುತ್ತದೆ, ತೇಗ ಹೊಂಬಣ್ಣದ ಕಂದು ಕೊಡುತ್ತದೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆಮರದಂಥವು ಬಿಳಿಗೆ ಆಗುತ್ತವೆ. ಈ ಬಣ್ಣಗಳು ಮೊದಲ ದಿನ ಇದ್ದಂತೆಯೇ ಇರುವುದಿಲ್ಲ. ಹಲಸಿನ ಹಳದಿ ಬೆಳಕಿಗೆ ಕಂದಾಗುತ್ತಾ ಹೋಗುತ್ತದೆ, ರಕ್ತಚಂದನ ಗಾಢವಾಗುತ್ತದೆ. ಬಲ್ಲವರು ಹತ್ತು ವರ್ಷದ ನಂತರವೂ ಹೂವು ಎಲೆಯಿಂದ ಬೇರೆಯಾಗಿ ಕಾಣುವಂತೆ ಮರಗಳನ್ನು ಜೋಡಿಸುತ್ತಾರೆ.

ಆರಿಸಿದ ಮರ ಚೆನ್ನಾಗಿ ಒಣಗಿರಬೇಕು. ಮರ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಲೆಕ್ಕಕ್ಕೆ ಸಿಗುವಷ್ಟು. ಮಳೆಗಾಲದ ಮೈಸೂರಿನಲ್ಲಿ ಮಾಡಿದ ಪೆಟ್ಟಿಗೆ ಚಳಿದೇಶದ ಹೀಟರ್ ಹಾಕಿದ ಮನೆಗೆ ಹೋದರೆ 50 ಮಿ.ಮೀ. ಅಗಲದ ಬೀಟೆ ಹಲಗೆ ಅರ್ಧ ಮಿ.ಮೀ.ವರೆಗೂ ಕುಗ್ಗಬಹುದು. ಅಷ್ಟು ಸಾಕು, ಮೂಲೆಯ ಸಂದು ಬಿಡಲು ಅಥವಾ ಮುಚ್ಚಳ ಸೊಟ್ಟಗಾಗಲು. ದಿಮ್ಮಿಯ ನಡುವಿನಿಂದ ತೊಗಟೆಯ ಕಡೆಗೆ ಸೀಳಿದ ಹಲಗೆ ಇದರ ಅರ್ಧದಷ್ಟು ಮಾತ್ರ ಕುಗ್ಗುತ್ತದೆ. ಮುಚ್ಚಳಕ್ಕೆ ಅಂಥ ಹಲಗೆಯೇ ಒಳ್ಳೆಯದು.

ಅಳತೆ ಹೊರಗಿನಿಂದ ಒಳಕ್ಕೆ ಬರುವುದಿಲ್ಲ, ಉಂಗುರದಿಂದ ಹೊರಕ್ಕೆ ಹೋಗುತ್ತದೆ. ಹೆಂಗಸರ ಉಂಗುರದ ಒಳವ್ಯಾಸ ಸಾಮಾನ್ಯವಾಗಿ 15ರಿಂದ 18 ಮಿ.ಮೀ., ಗಂಡಸರದ್ದು 18ರಿಂದ 21 ಮಿ.ಮೀ. ಲೋಹದ ದಪ್ಪ ಸೇರಿಸಿದರೆ ದೊಡ್ಡ ಉಂಗುರಕ್ಕೂ 24 ಮಿ.ಮೀ. ಹಿಡಿದರೆ ಸಾಕು. ಎರಡು ಉಂಗುರ ಮೆತ್ತೆಯ ಒಂದೇ ಸೀಳಿನಲ್ಲಿ ಅಕ್ಕಪಕ್ಕ ನಿಲ್ಲಬೇಕಾದರೆ ಒಳಗೆ 62 ಮಿ.ಮೀ. ಉದ್ದ, 40 ಮಿ.ಮೀ. ಅಗಲ ಬೇಕು. ಉಂಗುರದ ಅರ್ಧ ಮೆತ್ತೆಯೊಳಗೆ ಹೂತು, ಉಳಿದ ಅರ್ಧ ಮೇಲೆ ಕಾಣುತ್ತದೆ. ಕಲ್ಲು ಕೂರಿಸಿದ ಉಂಗುರವಾದರೆ ಎತ್ತರ ಇನ್ನಷ್ಟು ಏರುತ್ತದೆ. ಆದ್ದರಿಂದ ಮುಚ್ಚಳದ ಒಳಗೆ 20 ಮಿ.ಮೀ. ಆಳ ಬಿಡುವುದು ಕ್ಷೇಮ. ಗೋಡೆಗಳಿಗೆ 6 ಮಿ.ಮೀ. ದಪ್ಪ ಕೊಟ್ಟರೆ ಹೊರಗಿನ ಅಳತೆ 74 ಮತ್ತು 52 ಮಿ.ಮೀ. ಆಗುತ್ತದೆ, ಎತ್ತರ ಸುಮಾರು 50 ಮಿ.ಮೀ. ಸೀಳು ನಡುವೆಯೇ ಇರಬೇಕು. ಉಂಗುರ ಮುಂದಿನ ಗೋಡೆಗೆ ತೀರಾ ಹತ್ತಿರ ನಿಂತರೆ ಮುಚ್ಚಳ ಏಳುವಾಗ ಅದರ ಅಂಚು ಕಲ್ಲಿಗೆ ತಗಲುತ್ತದೆ.

ನಾಲ್ಕು ಗೋಡೆಗಳನ್ನು ಸುಮಾರು 280 ಮಿ.ಮೀ. ಉದ್ದದ ಒಂದೇ ಪಟ್ಟಿಯಿಂದ ತೆಗೆಯುವುದು ಒಳ್ಳೆಯ ಪದ್ಧತಿ. ಹತ್ತರಿ ಹೊಡೆದು ಮಟ್ಟ ಮಾಡಿದ ಪಟ್ಟಿಯನ್ನು ಉದ್ದ, ಅಗಲ, ಉದ್ದ, ಅಗಲ ಎಂಬ ಸರದಿಯಲ್ಲೇ ಕತ್ತರಿಸಿ, ಅದೇ ಸರದಿಯಲ್ಲಿ ಜೋಡಿಸಿದರೆ ಬೀಟೆಯ ಕಪ್ಪು ಗೆರೆ ಒಂದು ಮೂಲೆಯಿಂದ ಮುಂದಿನದಕ್ಕೆ ಮುರಿಯದೆ ಹರಿಯುತ್ತದೆ. ಗೆರೆ ಕೂಡದೇ ಹೋಗುವುದು ಪಟ್ಟಿಯ ಎರಡು ತುದಿಗಳು ಸೇರುವ ಒಂದು ಮೂಲೆಯಲ್ಲಿ ಮಾತ್ರ, ಅದನ್ನು ಹಿಂಬದಿಗೆ ಹಾಕುತ್ತಾರೆ. ತುದಿಗಳನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ ಮೂಲೆಮಟ್ಟ ಇಟ್ಟು ನೋಡಬೇಕು. ಒಂದೊಂದು ತುದಿಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಎಂಟು ತುದಿಗಳಿಗೆ ಅದು ನಾಲ್ಕು ಡಿಗ್ರಿಯಾಗಿ, ಕೊನೆಯ ಮೂಲೆ ಬಾಯಿ ಬಿಡುತ್ತದೆ.

ಬೀಟೆಯಲ್ಲಿ ಸಹಜವಾಗಿಯೇ ಎಣ್ಣೆಯಂಶವಿದೆ. ಅಂಟು ಹಚ್ಚುವ ಮುಂಚೆ ಸಂದುಗಳನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸದಿದ್ದರೆ ಹಿಡಿತ ಬರುವುದಿಲ್ಲ. ಅಂಟು ಹಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಟ್ಟರೆ ನಾಲ್ಕು ಮೂಲೆಗೂ ಒಂದೇ ಒತ್ತಡ ಬೀಳುತ್ತದೆ. ಮರದ ತುದಿಗೆ ತುದಿ ಅಂಟಿಸಿದ ಸಂದು ಸ್ವಭಾವತಃ ದುರ್ಬಲ. ಒಣಗಿದ ಮೇಲೆ ಪ್ರತಿ ಮೂಲೆಗೂ ಗರಗಸದಿಂದ ಎರಡು ಅಡ್ಡ ಸೀಳು ಹಾಕಿ, ಅದರೊಳಗೆ ತೆಳು ಮರದ ಬಿಲ್ಲೆ ತೂರಿಸಿ ಅಂಟಿಸುವುದು ಅದಕ್ಕೇ. ಬಿಲ್ಲೆ ಬಿಳಿ ಮರದ್ದಾದರೆ ಮೂಲೆಗೆ ಬಲವೂ ಬರುತ್ತದೆ, ಅಲಂಕಾರವೂ ಆಗುತ್ತದೆ. ಬೀಟೆಯ ದೂಳು ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವುದು ವಾಡಿಕೆ.

ಮುಚ್ಚಳದ ಹಲಗೆಯ ಚಿತ್ತಾರ ಬೇರೆಯಾಗಿಯೇ ತಯಾರಾಗುತ್ತದೆ. ಮೊದಲು ಕಾಗದದ ಮೇಲೆ ಚಿತ್ರ ಬರೆದು, ಯಾವ ಭಾಗ ಯಾವ ಮರದ್ದು ಎಂದು ಗುರುತು ಹಾಕುತ್ತಾರೆ. ಆ ಭಾಗಗಳನ್ನು ಕತ್ತರಿಸಿ ಎರಡು ಮೂರು ಮಿ.ಮೀ. ದಪ್ಪದ ಬಣ್ಣದ ಮರದ ಪಟ್ಟಿಗಳ ಮೇಲೆ ಅಂಟಿಸುತ್ತಾರೆ. ಎಲೆಯ ಉದ್ದಕ್ಕೆ ಮರದ ಎಳೆ ಓಡುವಂತೆ, ನವಿಲಿನ ಕತ್ತಿನ ಬಾಗಿಗೆ ಎಳೆಯ ಬಾಗು ಕೂಡುವಂತೆ ಕಾಗದವನ್ನು ತಿರುಗಿಸಿ ತಿರುಗಿಸಿ ಜಾಗ ಹುಡುಕುವುದರಲ್ಲೇ ಅರ್ಧ ಕಲೆಗಾರಿಕೆ ಇದೆ. ಕತ್ತರಿಸಲು ಬೇಕಾದದ್ದು ದಾರದಷ್ಟು ಸಣ್ಣ ಅಲಗಿನ ಗರಗಸ. ಮೇಜಿನ ಅಂಚಿನಲ್ಲಿ ಬಾಯಿ ತೆರೆದ ಹಲಗೆಯೊಂದನ್ನು ಬಿಗಿದು, ಪಟ್ಟಿಯನ್ನು ಅದರ ಮೇಲಿಟ್ಟು ಎಡಗೈಯಿಂದ ತಿರುಗಿಸುತ್ತಾರೆ. ಬಲಗೈಯ ಗರಗಸ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. ತಿರುಗುವುದು ಮರ, ಗರಗಸ ನೆಟ್ಟಗೇ ಇರಬೇಕು. ಅದು ವಾಲಿದರೆ ಚೂರಿನ ಅಂಚೂ ಓರೆಯಾಗಿ, ಹಳ್ಳದಲ್ಲಿ ಕೂತಾಗ ಸುತ್ತ ಸಂದು ಕಾಣುತ್ತದೆ.

ಕತ್ತರಿಸಿದ ಚೂರನ್ನು ಬೀಟೆ ಹಲಗೆಯ ಮೇಲಿಟ್ಟು, ಸುತ್ತ ಸೂಜಿಮೊನೆಯಿಂದ ಗೀರುತ್ತಾರೆ. ಗೀರಿನ ಒಳಗೆ ಮಾತ್ರ ಸಣ್ಣ ಉಳಿಗಳಿಂದ ಹಳ್ಳ ತೋಡುತ್ತಾರೆ. ಹಳ್ಳದ ಆಳ ಚೂರಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಕೂತ ಚೂರು ಸ್ವಲ್ಪ ಎದ್ದು ನಿಂತರೆ ಕೆರೆದು ಮಟ್ಟ ಮಾಡಬಹುದು, ತಗ್ಗಿ ಕೂತರೆ ಸುತ್ತಲ ಬೀಟೆಯನ್ನೆಲ್ಲ ತೆಗೆಯಬೇಕಾಗುತ್ತದೆ. ಅಂಟು ಒಣಗಿದ ಮೇಲೆ ನೇರವಾಗಿ ಉಪ್ಪುಕಾಗದ ಹಿಡಿಯುವಂತಿಲ್ಲ. ಬೀಟೆಯ ಕಪ್ಪು ದೂಳು ಬಿಳಿ ಮರದ ರಂಧ್ರಗಳಿಗೆ ಇಳಿದು ಬಿಳುಪನ್ನು ಕೊಳಕು ಮಾಡುತ್ತದೆ. ಹಾಗಾಗಿ ಮೊದಲು ತೆಳು ಉಕ್ಕಿನ ತಗಡಿನ ಅಂಚಿನಿಂದ ಕೆರೆಯುತ್ತಾರೆ. ಉಪ್ಪುಕಾಗದದ ಸರದಿ ಕೊನೆಗೆ, ಅದೂ ನುಣುಪಾದದ್ದು, ದೂಳನ್ನು ಊದುತ್ತಾ ಊದುತ್ತಾ. ಗರಿಯ ಎಳೆ, ಹಕ್ಕಿಯ ಕಣ್ಣು, ಎಲೆಯ ನರ ಇಷ್ಟನ್ನೂ ಮರದ ಚೂರಿನಿಂದ ಮಾಡಲಾಗದು. ಅವನ್ನು ಮೊನೆಯಿಂದ ಕೊರೆದು ಗೆರೆಗೆ ಕಪ್ಪು ತುಂಬುತ್ತಾರೆ.

ಚಿತ್ತಾರದ ಹಲಗೆಯನ್ನು ಮೇಲೆ, ಸಾದಾ ಹಲಗೆಯನ್ನು ಕೆಳಗೆ ಅಂಟಿಸಿದಾಗ ಎಲ್ಲೂ ಬಾಯಿಲ್ಲದ ಮುಚ್ಚಿದ ಪೆಟ್ಟಿಗೆ ಸಿದ್ಧವಾಗುತ್ತದೆ. ಮುಚ್ಚಳ ಹುಟ್ಟುವುದು ಆಮೇಲೆ. ನಾಲ್ಕೂ ಬದಿಗೆ ಒಂದೇ ಎತ್ತರದಲ್ಲಿ ಗೆರೆ ಎಳೆದು, ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾ ಗರಗಸದಿಂದ ಸುತ್ತ ಕೊಯ್ದು ಎರಡಾಗಿಸುತ್ತಾರೆ. ಮುಚ್ಚಳ ಮತ್ತು ತಳ ಒಂದೇ ಮರದಿಂದ ಬಿಡಿಸಿಕೊಂಡದ್ದರಿಂದ ಅಳತೆಯೂ ಗೆರೆಯೂ ತಾವಾಗಿ ಕೂಡುತ್ತವೆ. ಗರಗಸದ ಹಲ್ಲು ತಿನ್ನುವ ಒಂದು ಒಂದೂವರೆ ಮಿ.ಮೀ.ಯನ್ನು ಎತ್ತರದ ಲೆಕ್ಕದಲ್ಲಿ ಮೊದಲೇ ಹಿಡಿದಿರಬೇಕು. ಮೂಲೆಯ ಬಿಲ್ಲೆಗಳೂ ಈ ಗೆರೆಗೆ ಸಿಗದಂತೆ, ಒಂದು ಮೇಲೆ ಒಂದು ಕೆಳಗೆ ಬಂದಿರಬೇಕು. ಕೊಯ್ದ ಅಂಚುಗಳನ್ನು ಸಮತಟ್ಟಾದ ಗಾಜಿನ ಮೇಲೆ ಹಾಸಿದ ಉಪ್ಪುಕಾಗದದಲ್ಲಿ ಉಜ್ಜಿದರೆ ಬಾಯಿ ಸರಿಯಾಗಿ ಮುಚ್ಚುತ್ತದೆ. ಹಿಂಬದಿಗೆ ಹಿತ್ತಾಳೆಯ ಎರಡು ಪುಟ್ಟ ಕೀಲು. ಮೊಳೆಗೆ ಮುಂಚಿತವಾಗಿ ತೂತು ಕೊರೆಯದಿದ್ದರೆ ಗಟ್ಟಿ ಬೀಟೆ ಸೀಳುತ್ತದೆ, ಇಲ್ಲವೇ ಹಿತ್ತಾಳೆ ಮೊಳೆಯ ತಲೆಯೇ ಮುರಿಯುತ್ತದೆ.

ಹೊರಮೈಗೆ ಅರಗಿನ ಪಾಲಿಶ್ ಹಳೆಯ ರೂಢಿ. ಅರಗಿನ ಚೂರುಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಕಟ್ಟಿದ ಹತ್ತಿಯುಂಡೆಯಿಂದ ತೆಳುವಾಗಿ, ಪದರದ ಮೇಲೆ ಪದರವಾಗಿ ತೀಡುತ್ತಾರೆ. ಒಳಮೈಗೂ ಇದೇ ಒಳ್ಳೆಯದು. ಎಣ್ಣೆ ಹಚ್ಚಿದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯಾಡದೆ ಕಮಟು ವಾಸನೆ ನಿಲ್ಲುತ್ತದೆ. ಮೆತ್ತೆಯನ್ನು ಎರಡು ಸುರುಳಿಯಾಗಿ ಮಾಡಿ, ನಡುವೆ ಸೀಳು ಬರುವಂತೆ ಒತ್ತಿ ಕೂರಿಸುತ್ತಾರೆ. ಹೊದಿಕೆ ಹತ್ತಿ ಅಥವಾ ರೇಷ್ಮೆಯದಾಗಿರಲಿ. ಉಣ್ಣೆ ಮತ್ತು ಕೆಲವು ಬಗೆಯ ರಬ್ಬರಿನಲ್ಲಿರುವ ಗಂಧಕ ಬೆಳ್ಳಿ ಉಂಗುರವನ್ನು ಕಪ್ಪಾಗಿಸುತ್ತದೆ. ಚಿನ್ನಕ್ಕೆ ಆ ಭಯ ಕಡಿಮೆ. ಮೆತ್ತೆಯನ್ನು ಅಂಟಿಸದೆ ಬಿಟ್ಟರೆ ಮುಂದೆ ಬದಲಿಸಲು ಸುಲಭ.

ಕೊಳ್ಳುವಾಗ ಅಸಲಿ ಇನ್‌ಲೇ ಗುರುತಿಸುವುದು ಕಷ್ಟವಲ್ಲ. ಪೆಟ್ಟಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪ್ರತಿ ಎಸಳಿನೊಳಗೂ ಬೇರೆ ದಿಕ್ಕಿನ ಎಳೆ ಕಾಣಬೇಕು. ಅಚ್ಚು ಹಾಕಿದ ಅಥವಾ ಬಣ್ಣ ಬಳಿದ ಚಿತ್ರದಲ್ಲಿ ಕೆಳಗಿನ ಮರದ ಎಳೆಯೇ ಎಲ್ಲ ಕಡೆ ಹಾದು ಹೋಗಿರುತ್ತದೆ. ಬಿಳಿ ಭಾಗದಲ್ಲಿ ಎಳೆಯೇ ಇಲ್ಲದಿದ್ದರೆ ಅದು ಪ್ಲಾಸ್ಟಿಕ್ ಆಗಿರಬಹುದು. ಮುಚ್ಚಳವನ್ನು ಮೆಲ್ಲಗೆ ಬಿಟ್ಟು, ಬಾಯಿಯ ಸುತ್ತ ಬೆಳಕು ನುಸುಳುತ್ತದೆಯೇ ಎಂದು ನೋಡಬೇಕು.

ವಿದೇಶಕ್ಕೆ ಒಯ್ಯುವವರು ತಿಳಿದಿರಬೇಕಾದ ಒಂದು ಸಂಗತಿ ಇದೆ. 2017ರ ಜನವರಿಯಿಂದ ಬೀಟೆ ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ, ಅಂದರೆ ಗಡಿ ದಾಟುವ ವ್ಯಾಪಾರಕ್ಕೆ ಪರವಾನಗಿ ಬೇಕು. 2019ರ ತಿದ್ದುಪಡಿಯಂತೆ ಒಂದು ರವಾನೆಯಲ್ಲಿ 10 ಕೆ.ಜಿ. ಒಳಗಿನ ಸಿದ್ಧ ವಸ್ತುಗಳಿಗೆ ವಿನಾಯಿತಿ ಉಂಟು, ಉಂಗುರದ ಪೆಟ್ಟಿಗೆ ಅದರೊಳಗೇ ಬರುತ್ತದೆ. ಆದರೂ ಅಂಗಡಿಯ ರಸೀದಿ ಜೊತೆಗಿರಲಿ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಮರದ ಯಾವುದೇ ವಸ್ತುವನ್ನು ಇಳಿದ ಕೂಡಲೇ ತಪಾಸಣೆಗೆ ತಿಳಿಸಬೇಕು.

ಮನೆಯಲ್ಲಿ ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಹೀಟರಿನ ಹತ್ತಿರ ಇಡಬಾರದು. ಸೆಂಟು, ಸ್ಯಾನಿಟೈಸರ್ ತಗಲಬಾರದು, ಏಕೆಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದ ಅರಗು ಸ್ಪಿರಿಟ್ಟಿಗೇ ಮತ್ತೆ ಕರಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಕಾಲ ಕಳೆದು ಹೊಳಪು ಮಾಸಿದರೆ ಹಳೆಯ ಪದರ ಕೆರೆಯಬೇಕಿಲ್ಲ, ಅದರ ಮೇಲೆಯೇ ಹೊಸ ಅರಗು ಹಿಡಿಯುತ್ತದೆ.



ಇಂತಿ,
ನಿನ್ನ ತಮ್ಮ