ಇನ್ನೊಂದ್ಸಲ ಹಾಕಿ ನೋಡಿ

ತಿಪಟೂರಿನ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಲಕ್ಷ್ಮಿ ಪಟದ ಮೊಳೆಗೇ ಒಂದು ಕ್ಲಿಪ್ಪು ನೇತಾಡುತ್ತಿತ್ತು. ಬ್ಯಾಂಕಿಗೆ ಹೋಗಿ ದುಡ್ಡಾಗದೆ ವಾಪಸ್ ಬಂದ ಚೆಕ್ಕುಗಳ ಬಿಡಾರ ಅದು. ಹೋದಲ್ಲೆಲ್ಲ ‘ಆಮೇಲೆ ತಿಳಿಸ್ತೀವಿ’ ಅನ್ನಿಸಿಕೊಂಡು ಬರುವ ಮದುವೆ ಗಂಡುಗಳ ಹಾಗೆ ಅವು ಫ್ಯಾನಿನ ಗಾಳಿಗೆ ಸಣ್ಣಗೆ ಅಲ್ಲಾಡುತ್ತಿದ್ದವು. ಅಪ್ಪ ‘ಬೌನ್ಸ್’ ಎಂಬ ಮಾತನ್ನು ಬಾಯಿಗೆ ತಂದವರಲ್ಲ. ‘ಚೆಕ್ಕು ತಿರುಗಿ ಬಂತು’ ಅನ್ನುತ್ತಿದ್ದರು, ದನ ಮೇಯಲು ಹೋಗಿ ಬಂದಷ್ಟೇ ಸಹಜವಾಗಿ.

ಪ್ರತಿ ಚೆಕ್ಕಿನ ಬೆನ್ನಿಗೊಂದು ರಿಟರ್ನ್ ಮೆಮೊ. ಇಂಗ್ಲಿಷ್ ಓದಲು ಬರುತ್ತದೆಂಬ ಜಂಬದಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದು. ಒಮ್ಮೆ ‘ರೆಫರ್ ಟು ಡ್ರಾಯರ್’ ಎಂದಿತ್ತು. ಚೆಕ್ಕು ಬರೆದವರನ್ನೇ ಕೇಳಿಕೊಳ್ಳಿ ಎಂದು ಅದರರ್ಥ. ನಾನು ಹೋಗಿ ಮೇಜಿನ ಡ್ರಾಯರ್ ಎಳೆದು ಹುಡುಕಿದೆ. ಸಿಮೆಂಟು ಹೊರುತ್ತಿದ್ದ ಆಳು ಮಾತ್ರ ತನ್ನ ಪಟ್ಟಾಪಟ್ಟಿ ಡ್ರಾಯರ್ ನೋಡಿಕೊಂಡು, ‘ಬ್ಯಾಂಕಿನೋರಿಗೆ ಇದ್ಯಾಕೆ ಬೇಕಪ್ಪ?’ ಅಂದ.

1994ರ ಮಾತು. ಹತ್ತಿರದ ಹಳ್ಳಿಯ ಗೌಡರೊಬ್ಬರು ಮನೆಯ ಮೇಲ್ಛಾವಣಿಗೆ ಸಿಮೆಂಟು, ಕಬ್ಬಿಣ ಒಯ್ದು 18,400 ರೂಪಾಯಿಯ ಚೆಕ್ಕು ಕೊಟ್ಟಿದ್ದರು. ಆಗೆಲ್ಲ ಊರಿನ ಬ್ಯಾಂಕುಗಳ ಗುಮಾಸ್ತರು ಒಂದು ಕಡೆ ಸೇರಿ, ಚೀಲದಿಂದ ಚೆಕ್ಕು ತೆಗೆದು, ನಿಮ್ಮದು ನಮಗೆ ನಮ್ಮದು ನಿಮಗೆ ಎಂದು ಬದಲಾಯಿಸಿಕೊಳ್ಳುತ್ತಿದ್ದರು. ಮೂರನೇ ದಿನ ಗೌಡರ ಚೆಕ್ಕು ತಿರುಗಿ ಬಂತು. ಅಪ್ಪ ಲೂನಾ ಏರಿದರು. ವಸೂಲಿ ನೋಡಲಿ ಎಂದು ನನ್ನನ್ನೂ ಹಿಂದೆ ಕೂರಿಸಿಕೊಂಡರು.

ಗೌಡರು ಮೊದಲು ಮಜ್ಜಿಗೆ ಕೊಟ್ಟರು. ಆಮೇಲೆ ನಮ್ಮನ್ನು ಅಟ್ಟ ಹತ್ತಿಸಿದರು. ಸಿಪ್ಪೆ ಸಮೇತ ರಾಶಿ ಹಾಕಿದ ತೆಂಗಿನಕಾಯಿ, ಕತ್ತಲು, ಕೆಳಗಿನ ಒಲೆಯ ಹೊಗೆ. ಒಂದು ಕಾಯಿ ಎತ್ತಿ ಅಪ್ಪನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು. ‘ಇನ್ನೂ ನೀರಾಡ್ತಾ ಐತೆ ಸಾವ್ಕಾರ್ರೇ. ಗಿಟುಕು ಬಿಟ್ಟು ಗಡಗಡ ಅನ್ಲಿ. ಮಾರ್ಕೆಟ್ಟಿಗೆ ಹಾಕಿದ ವಾರಕ್ಕೆ ನಿಮ್ಮ ಚೆಕ್ಕು ಇನ್ನೊಂದ್ಸಲ ಹಾಕಿ ನೋಡಿ.’ ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಮಲಗಬೇಕು. ಚೆಕ್ಕಿಗೆ ಆಗ ಆಯಸ್ಸು ಆರು ತಿಂಗಳು. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ ತಲೆಯಾಡಿಸಿದರು. ವಸೂಲಿಗೆ ಹೋದವರು ಇಪ್ಪತ್ತು ಎಳನೀರು, ಒಂದು ಗೃಹಪ್ರವೇಶದ ಆಹ್ವಾನ ಹೊತ್ತು ವಾಪಸ್ ಬಂದೆವು.

ಕಾನೂನು ಇರಲಿಲ್ಲವೆಂದಲ್ಲ. 1881ರ ಹಳೆಯ ಕಾಯ್ದೆಗೆ 138ನೇ ಕಲಮು ಸೇರಿ, 1989ರ ಏಪ್ರಿಲ್‌ನಿಂದ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ತಿರುಗಿ ಬರುವುದು ಜೈಲಿನವರೆಗೆ ಒಯ್ಯಬಲ್ಲ ಅಪರಾಧವಾಗಿತ್ತು. ಎದುರು ಮನೆಯ ವಕೀಲರು ದಿನಾ ಸಂಜೆ ಬಂದು, ‘ಒಂದು ನೋಟೀಸು ಬಿಡೋಣ’ ಎಂದು ಅಂಗಡಿಯ ಮೊಳೆಗಳನ್ನು ಎಣಿಸುತ್ತ ಕೂರುತ್ತಿದ್ದರು. ಅಪ್ಪನದು ಒಂದೇ ಪ್ರಶ್ನೆ: ‘ನೋಟೀಸು ಕೊಟ್ಟರೆ ಅವನು ಮುಂದಿನ ವರ್ಷ ಸುಣ್ಣ ಯಾರ ಅಂಗಡೀಲಿ ತಗೋತಾನೆ?’ ಐದನೇ ತಿಂಗಳು, ಕೊಬ್ಬರಿ ಹರಾಜಾದ ಮಾರನೇ ದಿನ, ಚೆಕ್ಕಿನ ಮೂಲೆಗೆ ಅರಿಶಿನ ಹಚ್ಚಿ ಎರಡನೇ ಸಲ ಹಾಕಿದರು. ಪಾಸಾಯಿತು. ಅರಿಶಿನದ್ದೋ ಕೊಬ್ಬರಿಯದ್ದೋ ಕೈವಾಡ ಎಂದು ನಾನು ಕೇಳಲಿಲ್ಲ.

ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ. ಕ್ಲಿಪ್ಪು ತುಕ್ಕು ಹಿಡಿದಿದೆ. ಚೆಕ್ಕು ಈಗ ಊರು ಬಿಡುವುದಿಲ್ಲ, ಅದರ ಫೋಟೊ ಹೋಗುತ್ತದೆ. 2008ರಲ್ಲಿ ದೆಹಲಿಯಲ್ಲಿ ಶುರುವಾದ ಈ ಏರ್ಪಾಡು ನಮ್ಮ ಊರಿಗೂ ಬಂದು, ಗುಮಾಸ್ತರ ಚೀಲ ಕಣ್ಮರೆಯಾಯಿತು. ಚೆಕ್ಕಿನ ಆಯಸ್ಸೂ 2012ರಿಂದ ಮೂರೇ ತಿಂಗಳು. ಅಷ್ಟರೊಳಗೆ ಎಷ್ಟು ಸಲ ಬೇಕಾದರೂ ಹಾಕಬಹುದು. ತಾಂತ್ರಿಕ ಕಾರಣಕ್ಕೆ ತಿರುಗಿ ಬಂದು, ನಮ್ಮಿಂದ ಏನೂ ಬೇಕಿಲ್ಲದಿದ್ದರೆ ಬ್ಯಾಂಕಿನವರೇ 24 ಗಂಟೆಯೊಳಗೆ ಮತ್ತೆ ಹಾಕಿ ನಮಗೆ ಮೆಸೇಜು ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಲೂನಾ ಇಲ್ಲ, ಮಜ್ಜಿಗೆ ಇಲ್ಲ. ಹಣವಿಲ್ಲದೆ ಬಂದದ್ದನ್ನು ಮಾತ್ರ ನಾವೇ ಯೋಚಿಸಿ ಹಾಕಬೇಕು. ಮೂವತ್ತು ದಿನದೊಳಗೆ ನೋಟೀಸು ಕೊಡುವ ಲೆಕ್ಕವನ್ನೂ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ವಕೀಲರ ಮಗ ಬೈಯುತ್ತಾನೆ. ಅವನಿಗೆ ಮೊಳೆ ಎಣಿಸುವಷ್ಟು ವ್ಯವಧಾನವಿಲ್ಲ.

2025ರ ಅಕ್ಟೋಬರ್ 4ರಿಂದ ಇನ್ನೂ ಅವಸರ. ಸ್ಕ್ಯಾನ್ ಆದದ್ದು ಆದ ಹಾಗೆ ಹೊರಡುತ್ತದೆ, ಸಂಜೆ ಏಳರೊಳಗೆ ಹೂಂ ಅಥವಾ ಊಹೂಂ. ಮೊದಲಾದರೆ ಚೆಕ್ಕು ಕೊಟ್ಟವನಿಗೆ ಭಾವಮೈದುನನ ಹತ್ತಿರ ಕೈಗಡ ತಂದು ಖಾತೆಗೆ ಕಟ್ಟಲು ಎರಡು ದಿನವಾದರೂ ಸಿಗುತ್ತಿತ್ತು. ಈಗ ಭಾವಮೈದುನ ಫೋನ್ ಎತ್ತುವಷ್ಟರಲ್ಲಿ ಚೆಕ್ಕು ತಿರುಗಿ ಬಂದಿರುತ್ತದೆ, ಕೊಟ್ಟವನ ಖಾತೆಯಿಂದಲೂ ನನ್ನ ಖಾತೆಯಿಂದಲೂ ಚಾರ್ಜು ಕಿತ್ತುಕೊಂಡು.

ಮೊನ್ನೆ ಗೌಡರ ಮಗನ ಚೆಕ್ಕು ಹೀಗೇ ಬಂತು. ಮೆಮೊದಲ್ಲಿ ಬರೀ 01, ಹಣ ಸಾಲದು ಎಂಬುದರ ನಂಬರು. ಫೋನ್ ಮಾಡಿದೆ. ‘ಅಣ್ಣಾ, ಕೊಬ್ಬರಿ ಹಾಕಿದೀನಿ, ದುಡ್ಡು ನಾಳೆ ಕೂರುತ್ತೆ. ನಾಡಿದ್ದು ಇನ್ನೊಂದ್ಸಲ ಹಾಕಿ ನೋಡಿ’ ಅಂದ. ಅಪ್ಪನ ದನಿಯಲ್ಲೇ ‘ಆಯ್ತು’ ಅಂದುಬಿಟ್ಟೆ.

ಆ ನಾಡಿದ್ದು ಬ್ಯಾಂಕಿನ ಕೌಂಟರಿನ ಹುಡುಗಿ ಚೆಕ್ಕು ತಿರುಗಿಸಿ ನೋಡಿ, ‘ಸರ್, ಮೂಲೇಲಿ ಇದೇನಿದು? ಒರೆಸಿಬಿಡಿ, ಸ್ಕ್ಯಾನರ್ ಗಾಜಿಗೆ ಅಂಟುತ್ತೆ’ ಅಂದರು. ಕರ್ಚೀಫು ತೆಗೆದು ಉಜ್ಜಿದೆ. ಪೂರ್ತಿ ಹೋಗಲಿಲ್ಲ.

‘ಇರಲಿ ಬಿಡಿ ಸರ್’ ಎಂದು ಅವರೇ ಚೆಕ್ಕನ್ನು ಒಳಗೆ ತಳ್ಳಿದರು. ‘ಅಲ್ಲಿಗೆ ಹೋಗೋದು ಹೇಗೂ ಕಪ್ಪು ಬಿಳುಪು. ಅರಿಶಿನ ಕಾಣಲ್ಲ.’