ಕಂಡ ಊರುಗಳ ಲೆಕ್ಕ

ದೇಶ ಸುತ್ತುವ ಚಪಲವುಳ್ಳವರಿಗೆ ಸುತ್ತಿದ ದೇಶಗಳನ್ನು ಎಣಿಸುವ ಚಪಲವೂ ಜೊತೆಯಲ್ಲಿಯೇ ಹುಟ್ಟುತ್ತದೆಂದು ತೋರುತ್ತದೆ. ಅಮೆರಿಕದಲ್ಲಿ ನೆಲಸಿರುವ ನಮ್ಮ ಸೋದರಳಿಯನು ಕಳೆದ ಬೇಸಗೆಯಲ್ಲಿ ಸಾಗರಕ್ಕೆ ಬಂದಿದ್ದಾಗ ಒಂದು ಭೂಪಟವನ್ನು ನಮ್ಮ ಮುಂದೆ ಹರಡಿದನು. ಅಲ್ಲಿಯ ಐವತ್ತು ಸಂಸ್ಥಾನಗಳಲ್ಲಿ ತಾನು ಕಾಲಿಟ್ಟು ಬಂದ 31ಕ್ಕೆ ಅವನು ಬಣ್ಣ ತುಂಬಿದ್ದನು. ವಾಸ್ತವದಲ್ಲಿ ಅವು 30 ಮಾತ್ರವೆಂದು ಅವನ ಹೆಂಡತಿಯ ವಾದ. ಶಿಕಾಗೋ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಾಲ ಕುರ್ಚಿಯ ಮೇಲೆ ತೂಕಡಿಸಿದವನು ಇಲಿನಾಯ್ ಸಂಸ್ಥಾನವನ್ನು ಕಂಡೆನೆಂದು ಹೇಳಬಹುದೆ? ಇನ್ನೊಂದು ಕಡೆ ಯೂಟಾ, ಕೊಲೊರಾಡೊ, ನ್ಯೂ ಮೆಕ್ಸಿಕೊ, ಅರಿಜೋನ ಎಂಬ ನಾಲ್ಕು ಸಂಸ್ಥಾನಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆಯಂತೆ. ಕೈಗಳೆರಡನ್ನೂ ಕಾಲುಗಳೆರಡನ್ನೂ ಊರಿ ಬಗ್ಗಿ ನಿಂತರೆ ಒಂದೇ ಗಳಿಗೆಯಲ್ಲಿ ನಾಲ್ಕರ ಪುಣ್ಯ! ಇಂಥ ಪುಣ್ಯಕ್ಕೆ ನಾವು ನಕ್ಕೆವು. ಆದರೆ ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಜಿಲ್ಲೆಯ ಪಟವನ್ನು ಹುಡುಕಿ ತೆಗೆದವರೂ ನಾವೇ.

ಶಿವಮೊಗ್ಗ ಜಿಲ್ಲೆಗೆ ತಾಲ್ಲೂಕುಗಳು ಏಳೇ. ಎಣಿಕೆಗೆ ಇದೇನು ಮಹಾ ಎಂದು ವಾಚಕರು ಹೇಳಬಹುದು. ಆದರೆ ಬೇರೆ ಸಂಸ್ಥಾನವನ್ನು ಕಾಣುವುದಕ್ಕೆ ನಮ್ಮ ಹಿರಿಯರು ಸಮುದ್ರ ದಾಟಬೇಕಾಗಿರಲಿಲ್ಲ. ಜೋಗದಲ್ಲಿ ಹೊಳೆ ದಾಟಿದರೆ ಸಾಕಾಗಿತ್ತು. 1956ರ ನವೆಂಬರ್ 1ರವರೆಗೆ ಶರಾವತಿಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. 830 ಅಡಿಯ ಒಂದೇ ಜಲಪಾತವನ್ನು ಈಚೆಯವರು ಮೈಸೂರು ಬಂಗಲೆಯ ಕಡೆಯಿಂದಲೂ ಆಚೆಯವರು ಮುಂಬಯಿ ಬಂಗಲೆಯ ಕಡೆಯಿಂದಲೂ ನೋಡುತ್ತಿದ್ದರು. ನಮ್ಮ ಅಜ್ಜನು ಅಡಿಕೆ ವ್ಯಾಪಾರಕ್ಕಾಗಿ ಸಿದ್ದಾಪುರಕ್ಕೆ ಎಷ್ಟು ಸಲ ಹೋಗಿಬಂದನೋ ಅಷ್ಟು ಸಲವೂ ಪರಸಂಸ್ಥಾನಕ್ಕೆ ಹೋಗಿಬಂದಂತೆಯೇ. ಅವನು ಅದನ್ನು ಎಣಿಸಿದವನಲ್ಲ.

ಸಾಗರದಲ್ಲಿ ನಮ್ಮ ಮನೆಯಿರುವುದರಿಂದ ಆ ತಾಲ್ಲೂಕಿಗೆ ಮೊದಲು ಬಣ್ಣ ಬಿತ್ತು. ಬಿದ್ದ ಮೇಲೆ ಕೊಂಚ ನಾಚಿಕೆಯೂ ಆಯಿತು. ಇಕ್ಕೇರಿಯ ಅಘೋರೇಶ್ವರನನ್ನೂ ಕೆಳದಿಯ ರಾಮೇಶ್ವರನನ್ನೂ ಬಂದ ನೆಂಟರಿಗೆಲ್ಲ ತೋರಿಸಿದ್ದೇವೆ. ವರದೆಯ ಮೂಲವನ್ನೂ ಕಂಡಿದ್ದೇವೆ. ಆದರೆ ಹಿನ್ನೀರಿನಾಚೆಯ ತುಮರಿಯ ಸೀಮೆಯನ್ನು ನಾವು ಕಂಡದ್ದು ಕಳಸವಳ್ಳಿಗೆ ಸೇತುವೆ ತೆರೆದ ಮೇಲೆ, ಎಂದರೆ 2025ರ ಜುಲೈ ಕಳೆದ ಮೇಲೆ. ಅದಕ್ಕೆ ಮೊದಲು ಅಲ್ಲಿಯ ಜನರು ಲಾಂಚನ್ನು ಕಾದು ದಡದ ಮೇಲೆ ಕುಳಿತಿರುತ್ತಿದ್ದ ಕಾಲದಲ್ಲಿ ನಮಗೆ ಅತ್ತ ಹೋಗುವ ಮನಸ್ಸೇ ಆಗಿರಲಿಲ್ಲ.

ತೀರ್ಥಹಳ್ಳಿಯ ವಿಷಯದಲ್ಲಿ ಯಾವ ತಕರಾರೂ ಇಲ್ಲ. ಎಳ್ಳಮಾವಾಸ್ಯೆಗೆ ತುಂಗೆಯ ರಾಮತೀರ್ಥದಲ್ಲಿ ಮಿಂದಿದ್ದೇವೆ. ಕವಲೇದುರ್ಗವನ್ನು ಏದುಸಿರಿನಿಂದ ಹತ್ತಿದ್ದೇವೆ. ಕುಪ್ಪಳಿಯ ಕವಿಶೈಲದಲ್ಲಿ ಸಂಜೆಯನ್ನು ಕಳೆದಿದ್ದೇವೆ. ಆಗುಂಬೆಯ ಮಳೆಯಲ್ಲಿ ಕೊಡೆಯನ್ನು ಕಳೆದುಕೊಂಡಿದ್ದೇವೆ. ಅಂಬುತೀರ್ಥದಲ್ಲಿ ಅಂಗೈಯಗಲದ ನೀರಾಗಿ ಶರಾವತಿ ಹುಟ್ಟುವುದನ್ನು ನೋಡಿ, ಇವಳೇ ಜೋಗದವಳೇ ಎಂದು ಆಶ್ಚರ್ಯಪಟ್ಟಿದ್ದೇವೆ.

ತೊಡಕು ಬಂದದ್ದು ನಡುವಿನ ಹೊಸನಗರದಲ್ಲಿ. ಸಾಗರದಿಂದ ತೀರ್ಥಹಳ್ಳಿಗೆ ಹೋಗುವಾಗಲೆಲ್ಲ ಅದರ ಮೂಲಕವೇ ಹೋಗಿದ್ದೇವೆ, ಆದರೆ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತೇ. ಹೆಸರಿನಲ್ಲಿ ಹೊಸತಾದರೂ ಆ ಸೀಮೆ ಹಳೆಯದು. ಕೆಳದಿಯ ಅರಸರ ಬಿದನೂರು 1763ರಲ್ಲಿ ಹೈದರನ ವಶವಾಗಿ ಹೈದರನಗರವೆನಿಸಿ, ಕಡೆಗೆ ಬರಿಯ ನಗರವಾಗಿ ಉಳಿಯಿತು. ತಾಲ್ಲೂಕಿನ ಕಚೇರಿ ಕಲ್ಲೂರುಕಟ್ಟೆಗೆ ಬಂದ ಮೇಲೆ ಆ ಊರು ಹೊಸನಗರವಾಯಿತು. ನಗರದ ಕೋಟೆ, ಹೊಂಬುಜದ ಬಸದಿಗಳು, ಕೊಡಚಾದ್ರಿ, ಎಲ್ಲವೂ ಆ ತಾಲ್ಲೂಕಿನವೇ, ಎಲ್ಲವನ್ನೂ ‘ಮುಂದಿನ ವರ್ಷ’ ಎಂದು ನಾವು ಬಿಟ್ಟವೇ. ಶಿಕಾಗೋವಿನ ನ್ಯಾಯವನ್ನು ಇಲ್ಲಿಗೂ ಹಚ್ಚಿದರೆ ಹೊಸನಗರಕ್ಕೆ ಬಣ್ಣವಿಲ್ಲ.

ಪಟವನ್ನು ಬಗ್ಗಿ ನೋಡುತ್ತಿದ್ದ ನಮ್ಮ ತಾಯಿಯವರು ಆಗ, “ನಾನು ಹುಟ್ಟಿದ್ದು ಅಲ್ಲೇ ಅಲ್ಲವೇನೋ, ನನ್ನ ಲೆಕ್ಕಕ್ಕಾದರೂ ಹಚ್ಚು” ಎಂದರು. “ಯಾವ ಜಾಗಕ್ಕೆ ಹಚ್ಚಲಮ್ಮ?” ಎಂದೆವು. ಅವರು ಬೆರಳಿಟ್ಟ ಕಡೆ ಪಟದವರು ಆಗಲೇ ನೀಲಿ ಹಚ್ಚಿದ್ದರು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಅವರಿಗೆ 16 ವರ್ಷ. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲತಕ್ಕದ್ದೆಂದು ಗೊತ್ತಾದ ಮೇಲೆ, ಅದರ ಕೆಳಗಿದ್ದ ಗದ್ದೆ, ತೋಟ, ದೇವಸ್ಥಾನಗಳಿಗೆ ಬೇರೆ ಗತಿಯಿರಲಿಲ್ಲ. ರಾಜ್ಯಕ್ಕೆಲ್ಲ ದೀಪ ಬಂತು; ನಮ್ಮ ತಾತನವರು ಲಾರಿಯಲ್ಲಿ ಬಾಗಿಲು, ಕಂಬಗಳನ್ನು ಹೇರಿಕೊಂಡು ಶಿವಮೊಗ್ಗದ ಕಡೆಯ ಕಾಡಿಗೆ ಬಂದರು. ಆ ಹೊಸ ಭೂಮಿಯ ಹಕ್ಕುಪತ್ರಕ್ಕಾಗಿ ಬರೆದ ಅರ್ಜಿಗಳ ಕಟ್ಟು ಇಂದಿಗೂ ನಮ್ಮ ಅಟ್ಟದ ಮೇಲಿದೆ.

ಹೋಗಿ ಬಂದ ಊರು ಎನ್ನಬೇಕಾದರೆ ಏನಾಗಿರಬೇಕೆಂದು ತಾಯಿಯವರನ್ನೇ ಕೇಳಿದೆವು. “ಯಾರದಾದರೂ ಮನೆಯಲ್ಲಿ ಬೆಲ್ಲ-ನೀರು ಕುಡಿದಿರಬೇಕು” ಎಂದರು. ಮಲೆನಾಡಿನಲ್ಲಿ ಬಂದವರಿಗೆ ಮೊದಲು ಕೊಡುವುದು ಅದನ್ನೇ ಅಲ್ಲವೆ? ವಿಮಾನ ನಿಲ್ದಾಣಕ್ಕೂ ಬಸ್ಸಿನ ಕಿಟಕಿಗೂ ಇದೊಂದೇ ಮಾತಿನಲ್ಲಿ ತೀರ್ಪಾಯಿತು. ಅಳಿಯನ 31 ಎಷ್ಟಕ್ಕೆ ಇಳಿಯಿತೆಂದು ನಾವಿಲ್ಲಿ ಬರೆಯುವುದಿಲ್ಲ.

ಮರುವಾರವೇ ತಾಯಿಯವರನ್ನು ಕರೆದುಕೊಂಡು ಹೊರಟೆವು. ಬೇಸಗೆಯ ಕಡೆಯ ದಿನಗಳು. ಹಿನ್ನೀರು ಬಹಳ ಇಳಿದಿತ್ತು. ಇಂಥ ದಿನಗಳಲ್ಲಿಯೇ ಸಾಗರದ ಕಡೆ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸುವುದು. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲೆಂದು 1940ರ ದಶಕದಲ್ಲಿ ಕಟ್ಟಿದ ಅದನ್ನು ಲಿಂಗನಮಕ್ಕಿಯ ನೀರು ನುಂಗಿತು. ಅಣೆಕಟ್ಟನ್ನೇ ಅಣೆಕಟ್ಟು ಮುಳುಗಿಸಿತು. ನಾವು ಹೋದದ್ದು ಅಲ್ಲಿಗಲ್ಲ, ಹೊಸನಗರದ ಕಡೆಯ ದಡಕ್ಕೆ. ಒಣಗಿ ಬಿರಿದ ಕೆಸರು, ಸಾಲುಸಾಲಾಗಿ ಕರಿಯ ಮರದ ಬೊಡ್ಡೆಗಳು, ದೂರದಲ್ಲಿ ಮೇಯುವ ದನಗಳು. ತಾಯಿಯವರು ಬಹಳ ಹೊತ್ತು ನಿಂತು ನೋಡಿ, ಊರು ಇನ್ನೂ ಒಳಗಿದೆ, ಈ ವರ್ಷವೂ ಕಾಣುವಷ್ಟು ನೀರು ಇಳಿದಿಲ್ಲ ಎಂದರು. ಒಂದು ಗುಡ್ಡದ ತಲೆಯನ್ನು ತೋರಿಸಿ, ದೀಪಾವಳಿಗೆ ದನ ಹೊಡೆದುಕೊಂಡು ಅಲ್ಲಿಯವರೆಗೆ ಓಡುತ್ತಿದ್ದೆವು ಎಂದರು. ಅದೀಗ ಒಂದು ದ್ವೀಪ.

ಬಿಸಿಲಿಗೆ ಬಾಯಾರಿ ದಡದ ಮೇಲಿನ ಒಂದು ಮನೆಯ ಜಗಲಿಯಲ್ಲಿ ಕುಳಿತೆವು. ಮನೆಯಾಕೆ ಕೇಳದೆಯೇ ಒಂದು ತಟ್ಟೆಯಲ್ಲಿ ಬೆಲ್ಲವನ್ನೂ ತಂಬಿಗೆಯಲ್ಲಿ ನೀರನ್ನೂ ತಂದಿಟ್ಟರು.

“ಯಾವೂರಾಯ್ತಮ್ಮಾ ನಿಮಗೆ?” ಎಂದು ಕೇಳಿದರು.

ಸಾಗರವೆನ್ನುವರೆಂದು ನಾವೆಣಿಸಿದ್ದೆವು. ತಾಯಿಯವರು ಅರುವತ್ತು ವರ್ಷಗಳ ಮೇಲೆ ತಮ್ಮ ತವರಿನ ಹೆಸರು ಹೇಳಿದರು. ಆಕೆ ಅದೆಲ್ಲಿ ಎಂದು ಕೇಳಲಿಲ್ಲ. “ಅಲ್ಲಿಯ ಯಾರ ಮನೆ?” ಎಂದು ಕೇಳಿ, ತಾವೂ ಪಕ್ಕಕ್ಕೆ ಕುಳಿತರು. ಆ ಮೇಲಿನ ಮಾತು ಎರಡು ಗಂಟೆಯಾದರೂ ಮುಗಿಯಲಿಲ್ಲ; ಕಡೆಯ ಬಸ್ಸು ತಪ್ಪಿತು, ರಾತ್ರಿ ಅಲ್ಲಿಯೇ ಊಟವಾಯಿತು.

ಹೊಸನಗರಕ್ಕೆ ಈಗ ಬಣ್ಣ ಬಿದ್ದಿದೆ. ಶಿಕಾರಿಪುರ, ಸೊರಬಗಳಲ್ಲಿ ಬೆಲ್ಲ-ನೀರು ಇನ್ನೂ ಆಗಬೇಕು.