ಬೆನ್ನಿಗೂ ಕಣ್ಣು

ನಾನು ಮನೆಯಲ್ಲಿ ಮಾಡಿದ ಪುಟ್ಟ ರೋಬೋಟ್ ಒಮ್ಮೆ ಹಿಂದಕ್ಕೆ ಸರಿದು, ಅಂಬೆಗಾಲಿಡುವ ಮಗಳ ಬೆರಳಿನ ಮೇಲೆ ಹರಿಯಿತು. ಅದಕ್ಕಿದ್ದದ್ದು ಮುಂದೆ ನೋಡುವ ಕ್ಯಾಮೆರಾ ಮಾತ್ರ.

ಕ್ಯಾಮೆರಾವನ್ನು ಮೇಲ್ಮುಖವಾಗಿಸಿ, ಅದರ ಮೇಲೊಂದು ಉಬ್ಬುಗನ್ನಡಿ ಕೂರಿಸಿದೆ. ಸ್ಟೀಲ್ ಚೊಂಬಿನ ಹೊಟ್ಟೆಯಲ್ಲಿ ಇಡೀ ಅಡುಗೆಮನೆ ಕಾಣುವಂತೆ, ಸುತ್ತಲಿನ 360 ಡಿಗ್ರಿಯೂ ಒಂದೇ ಚಿತ್ರದಲ್ಲಿ ಬಂತು.

ಆದರೆ ರೋಬೋಟ್ ಹೊರಟರೆ ಸಾಕು, ಬಸ್ಸಿನ ಕಿಟಕಿಯಾಚೆ ಮರಗಳು ಓಡಿದಂತೆ ಗೋಡೆ, ಕುರ್ಚಿ ಎಲ್ಲವೂ ಓಡತೊಡಗಿದವು! ಪಾಪ, ಅದು ಹೆದರಿ ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು.

ಚಕ್ರ ಎಷ್ಟು ಉರುಳಿತೆಂದು ಎಣಿಸಿ, ಅದರಿಂದ ಚಿತ್ರ ಎಷ್ಟು ಸರಿಯಬೇಕೆಂದು ಲೆಕ್ಕ ಹಾಕಿಸಿದೆ. ಆ ಲೆಕ್ಕಕ್ಕೆ ಸಿಗದೆ ಸರಿದದ್ದೇ ನಿಜವಾಗಿ ಚಲಿಸುವ ವಸ್ತು.

ಮೊನ್ನೆ ಮಗಳು ಹಿಂದಿನಿಂದ ಅಂಬೆಗಾಲಿಟ್ಟು ಬಂದಳು. ಹಿಂದಕ್ಕೆ ಸರಿಯುತ್ತಿದ್ದ ರೋಬೋಟ್ ತಟ್ಟನೆ ನಿಂತಿತು. ಅವಳು ಅದರ ಕನ್ನಡಿಯಲ್ಲಿ ತನ್ನ ಮುಖ ನೋಡಿ ನಕ್ಕಳು.